ಉಳಿತಾಯ ಯಾರ ಮನೆಗೆ, ಸಾಲ ಯಾರ ತಲೆಗೆ?

(ಖಾನಾಪುರ ತಾಲೂಕಿನ ಮತ್ತು ಬೆಳಗಾವಿ ನಗರದ ರೈತ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈಚೆಗೆ ನಮ್ಮ ಹಳ್ಳಿಗಳಲ್ಲಿ ಒಂದು ಹೊಸ ಮಾತು ಓಡಾಡುತ್ತಿದೆ. ಮೋಟಾರ್ ಸೈಕಲ್ಲಿನ ಮೇಲೆ ಹುಡುಗರು ಬರುತ್ತಾರೆ. ಕಟ್ಟೆಯ ಮೇಲೆ ಕೂತವರಿಗೆ ಬಣ್ಣದ ಕಾಗದ ಹಂಚುತ್ತಾರೆ. "ಮನೀ ಮ್ಯಾಲ ಸೋಲಾರ್ ಹಾಕಿಸ್ರಿ, ಕರೆಂಟ್ ಬಿಲ್ ಸೊನ್ನೆ" ಅನ್ನುತ್ತಾರೆ. ನಮ್ಮ ಕಡೆಯ ಒಬ್ಬ ಮುದುಕಿ ಆ ಹುಡುಗನನ್ನು ಕೇಳಿದಳು: "ತಮ್ಮಾ, ನಂದು ಈಗ ಸೊನ್ನೇನ ಬರಾಕತ್ತೈತಿ. ನೀ ಹಾಕಿಸಿದ್ರ ಸೊನ್ನೀಗಿಂತ ಕಡಿಮಿ ಬರ್ತೈತೇನು?" ಹುಡುಗ ನಕ್ಕು ಮುಂದಿನ ಮನೆಗೆ ಹೋದ.

ನಗುವ ಮಾತಲ್ಲ ಇದು. ಆ ಅವ್ವ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವ ತನಕ ಯಾವ ಸಾಲದ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಹೇಳುವುದಕ್ಕೇ ನಾನು ಇವತ್ತು ಎದ್ದು ನಿಂತಿದ್ದೇನೆ. ಹಾಗಂತ ನಾನು ಸೋಲಾರಿನ ವಿರೋಧಿ ಅಲ್ಲ. ಸೂರ್ಯನ ಬೆಳಕು ಯಾವ ಕಂಪನಿಯ ಸ್ವತ್ತೂ ಅಲ್ಲ, ಅದನ್ನು ಹಿಡಿದು ಮನೆಗೆ ಬಳಸುವುದು ಒಳ್ಳೆಯ ಕೆಲಸವೇ. ಆದರೆ ಒಳ್ಳೆಯ ಕೆಲಸದ ಹೆಸರಿನಲ್ಲಿ ರೈತನ ತಲೆಯ ಮೇಲೆ ಇನ್ನೊಂದು ಕಂತು ಕೂಡುವುದಾದರೆ ಲೆಕ್ಕ ಕೇಳುವುದು ನಮ್ಮ ಹಕ್ಕು.

ಮೊದಲು ಯೋಜನೆ ಏನು ಅಂತ ನೋಡೋಣ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಎಂಬ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಪ್ಲೇಟು ಕೂರಿಸುವ ಗುರಿ, 75,021 ಕೋಟಿ ರೂಪಾಯಿ ವೆಚ್ಚ, 2026-27ರವರೆಗೆ ಅವಧಿ. ಮನೆಗೆ ಮೀಟರ್ ಇರಬೇಕು, ಪ್ಲೇಟು ಕೂರಿಸಲು ತಕ್ಕ ಮಾಳಿಗೆ ಇರಬೇಕು. ಒಂದು ಕಿಲೋವ್ಯಾಟಿಗೆ 30,000 ರೂಪಾಯಿ ಸಹಾಯಧನ, ಎರಡಕ್ಕೆ 60,000, ಮೂರಕ್ಕೆ 78,000. ಮೂರರ ಮೇಲೆ ಎಷ್ಟು ಹಾಕಿಸಿದರೂ 78,000ವೇ. ಸರ್ಕಾರ ಇಟ್ಟುಕೊಂಡ ಲೆಕ್ಕದ ಬೆಲೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 50,000, ಮೂರನೆಯದಕ್ಕೆ 45,000. ಅಂದರೆ ಮೂರು ಕಿಲೋವ್ಯಾಟಿಗೆ 1,45,000. ಸಹಾಯಧನ ಕಳೆದರೆ ನಮ್ಮ ಪಾಲು 67,000 ರೂಪಾಯಿ. ಇದು ದಿಲ್ಲಿಯ ಕಾಗದದ ಬೆಲೆ. ಪೇಟೆಯಲ್ಲಿ ಅಷ್ಟಕ್ಕೇ ಮಾಡಿಕೊಡುವವರು ಸುಲಭಕ್ಕೆ ಸಿಗುವುದಿಲ್ಲ. ಕಬ್ಬಿಣದ ಚೌಕಟ್ಟು ಎತ್ತರ ಬೇಕೆಂದರೆ ಒಂದು ಬೆಲೆ, ತಂತಿ ದೂರ ಎಳೆಯಬೇಕೆಂದರೆ ಇನ್ನೊಂದು ಬೆಲೆ.

ಈಗ ಬೆಳಗಾವಿಯ ಮನೆ ತೆಗೆದುಕೊಳ್ಳೋಣ. ತಿಲಕವಾಡಿಯೋ ಹಿಂದವಾಡಿಯೋ ಶಹಾಪುರವೋ, ಸ್ವಂತ ಸ್ಲ್ಯಾಬಿನ ಮನೆ. ಗೀಸರ್ ಇದೆ, ಫ್ರಿಜ್ ಇದೆ, ಬಟ್ಟೆ ಒಗೆಯುವ ಮಿಷನ್ ಇದೆ. ತಿಂಗಳಿಗೆ 300 ಯೂನಿಟ್ ಸುಡುತ್ತದೆ. ವಿದ್ಯುತ್ ನಿಯಂತ್ರಣ ಆಯೋಗ 2025ರ ಮಾರ್ಚಿನಲ್ಲಿ ಕೊಟ್ಟ ಆದೇಶದ ಪ್ರಕಾರ 2025-26ರ ಸಾಲಿಗೆ ಮನೆಯ ಕರೆಂಟು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಎಂದು 36 ಪೈಸೆ. (ನೌಕರರಿಗೆ ಪಿಂಚಣಿ ಬೇಕು, ನಾನು ಬ್ಯಾಡ ಅನ್ನೋದಿಲ್ಲ. ಆದರೆ ಹೊಲದಾಗ ದುಡಿದು ಬೆನ್ನು ಬಾಗಿದ ರೈತನ ಪಿಂಚಣಿಗೆ ಯಾವ ಯೂನಿಟ್ಟಿನ ಮೇಲೆ ಪೈಸೆ ಹಾಕಬೇಕು, ಅದನ್ನೂ ಆಯೋಗದವರು ಹೇಳಲಿ.) ಆಮೇಲೆ ಶೇಕಡಾ 9 ತೆರಿಗೆ. ಮಂಜೂರಾದ ಲೋಡು ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ. ಎಲ್ಲಾ ಕೂಡಿಸಿದರೆ ಮೂರು ಕಿಲೋವ್ಯಾಟ್ ಲೋಡಿನ ಆ ಮನೆಗೆ ತಿಂಗಳಿಗೆ ಸುಮಾರು 2,440 ರೂಪಾಯಿ ಬಿಲ್ಲು.

ಒಂದು ಕಿಲೋವ್ಯಾಟ್ ಪ್ಲೇಟು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೆಚ್ಚು, ಆಷಾಢ ಶ್ರಾವಣದಲ್ಲಿ ಭಾಳ ಕಡಿಮೆ. ಮೂರು ಕಿಲೋವ್ಯಾಟಿಗೆ ವರ್ಷದ ಮಳೆ ಬಿಸಿಲು ಎಲ್ಲಾ ಹಿಡಿದು ತಿಂಗಳಿಗೆ 300 ಯೂನಿಟ್ ಅನ್ನಿ. ಹಗಲು ಮನೆಯವರು ಕೆಲಸಕ್ಕೆ ಹೋದಾಗ ಹುಟ್ಟಿದ ಕರೆಂಟು ಮೀಟರಿನ ಮೂಲಕ ಹೆಸ್ಕಾಂ ತಂತಿಗೆ ಹೋಗುತ್ತದೆ, ರಾತ್ರಿ ಬೇಕಾದಷ್ಟು ವಾಪಸ್ ಬರುತ್ತದೆ. ಜಮಾ-ಖರ್ಚು ಕಳೆದು ಉಳಿದದ್ದಕ್ಕೆ ಬಿಲ್ಲು. ಇದಕ್ಕೆ ನೆಟ್ ಮೀಟರ್ ಅನ್ನುತ್ತಾರೆ. ಸಂಘದ ಹಾಲಿನ ಡೈರಿ ಪುಸ್ತಕ ಇದ್ದ ಹಾಗೆ, ಹಾಕಿದ್ದು ಒಂದು ಕಡೆ, ಪಶು ಆಹಾರ ಒಯ್ದದ್ದು ಇನ್ನೊಂದು ಕಡೆ.

ಆ ಮನೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಉಳಿಯುತ್ತದೆ. ನಿಗದಿತ ಶುಲ್ಕ 435 ರೂಪಾಯಿ ಮಾತ್ರ ಕಟ್ಟಲೇಬೇಕು. ಆದ್ದರಿಂದ "ಬಿಲ್ ಸೊನ್ನೆ" ಅನ್ನುವ ಮಾತು ಅಲ್ಲಿಯೂ ಪೂರ್ತಿ ಖರೆ ಅಲ್ಲ. ಆದರೂ 67,000 ಹಾಕಿದವನಿಗೆ ಮೂರು ವರ್ಷದೊಳಗೆ ದುಡ್ಡು ವಾಪಸ್. ಪೇಟೆಯ ಬೆಲೆ 1,80,000 ಎಂದೇ ಹಿಡಿದರೂ ನಾಲ್ಕೂಕಾಲು ವರ್ಷ. ಪ್ಲೇಟು ಇಪ್ಪತ್ತೈದು ವರ್ಷ ಬಾಳುತ್ತದೆ, ನಡುವೆ ಇನ್ವರ್ಟರ್ ಒಂದು ಸಲ ಬದಲಿಸಬೇಕಾಗಬಹುದು. ಇದು ಲಾಭದ ಬೇಸಾಯ. ನಮ್ಮ ಯಾವ ಬೆಳೆಯೂ ಇಷ್ಟು ಲಾಭ ಕೊಟ್ಟಿಲ್ಲ. ಪಟ್ಟಣದ ಬಂಧುಗಳೇ, ಸ್ವಂತ ಮಾಳಿಗೆ ಇದ್ದರೆ, ತಿಂಗಳಿಗೆ ಇನ್ನೂರು ದಾಟಿ ಸುಡುತ್ತಿದ್ದರೆ, ಧೈರ್ಯವಾಗಿ ಹಾಕಿಸಿ. ಬಾಡಿಗೆ ಮನೆಯವರ ಪಾಡು ಬೇರೆ. ಮಾಳಿಗೆ ಮಾಲಕನದು, ಬಿಲ್ಲು ಮಾತ್ರ ನಿಮ್ಮದು.

ಇಲ್ಲಿಂದ ಖಾನಾಪುರದ ದಾರಿ ಹಿಡಿಯೋಣ. ದೂರ ಮೂವತ್ತು ಕಿಲೋಮೀಟರೂ ಇಲ್ಲ, ಆದರೆ ಲೆಕ್ಕ ತಲೆಕೆಳಗು.

ಹಳ್ಳಿಯ ಮನೆಯಲ್ಲಿ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ, ಮಿಕ್ಸರು. ತಿಂಗಳಿಗೆ ತೊಂಬತ್ತು ಯೂನಿಟ್ ಅಂತ ಇಟ್ಟುಕೊಳ್ಳಿ. ರಾಜ್ಯ ಸರ್ಕಾರದ ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10 ಸೇರಿಸಿ ಅಷ್ಟು ಯೂನಿಟ್ ಪುಕ್ಕಟೆ. ಅರ್ಹತೆಗಿಂತ ಹೆಚ್ಚು ಸುಟ್ಟರೆ ಹೆಚ್ಚಿನದಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು. ನಮ್ಮ ತೊಂಬತ್ತರ ಮನೆಗೆ ಬಿಲ್ಲಿನಲ್ಲಿ ಸೊನ್ನೆ. ಆ ಅವ್ವ ಹೇಳಿದ್ದು ಇದನ್ನೇ.

ಈ ಮನೆಯವರು ಒಂದು ಕಿಲೋವ್ಯಾಟ್ ಹಾಕಿಸಿದರು ಎನ್ನಿ. ಕಾಗದದ ಬೆಲೆ 50,000, ಸಹಾಯಧನ 30,000, ಮನೆಯ ಪಾಲು 20,000. ಪ್ಲೇಟು ತಿಂಗಳಿಗೆ ನೂರು-ನೂರಿಪ್ಪತ್ತು ಯೂನಿಟ್ ಹುಟ್ಟಿಸುತ್ತದೆ. ಅದರಲ್ಲಿ ತೊಂಬತ್ತು, ಮೊದಲು ಸರ್ಕಾರ ಪುಕ್ಕಟೆ ಕೊಡುತ್ತಿದ್ದದ್ದನ್ನೇ ಈಗ ನೀವು ಸಾಲ ಮಾಡಿ ಹುಟ್ಟಿಸಿಕೊಂಡಂತಾಯಿತು. ಉಳಿದ ಹತ್ತರಿಂದ ಮೂವತ್ತು ಯೂನಿಟ್ ಹೆಸ್ಕಾಂಗೆ ಹೋಗುತ್ತದೆ, ಅದಕ್ಕೆ ಸಿಗುವ ದರ ನಾವು ಕೊಡುವ ದರಕ್ಕಿಂತ ಭಾಳ ಕಡಿಮೆ, ಎರಡು ಮೂರು ರೂಪಾಯಿಯ ಆಸುಪಾಸು. ತಿಂಗಳಿಗೆ ನೂರು ರೂಪಾಯಿಯೂ ಹುಟ್ಟುವುದಿಲ್ಲ.

ಹಾಗಾದರೆ ಉಳಿತಾಯ ಆಗಲೇ ಇಲ್ಲವೇ? ಆಯಿತು. ಯಾರಿಗೆ? ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಗೃಹಜ್ಯೋತಿಯ ಪ್ರತಿ ಯೂನಿಟ್ಟಿನ ದುಡ್ಡನ್ನು ರಾಜ್ಯ ಸರ್ಕಾರ ಹೆಸ್ಕಾಂಗೆ ತುಂಬಿಕೊಡಬೇಕು. ನೀವು ತೊಂಬತ್ತು ಯೂನಿಟ್ ನಿಮ್ಮ ಮನೆಯ ಮೇಲೆಯೇ ಹುಟ್ಟಿಸಿಕೊಂಡರೆ ಸರ್ಕಾರ ತುಂಬುವುದು ಅಷ್ಟು ಕಡಿಮೆಯಾಗುತ್ತದೆ. 5 ರೂಪಾಯಿ 80 ಪೈಸೆಯಂತೆ ತಿಂಗಳಿಗೆ 522, ವರ್ಷಕ್ಕೆ ಆರು ಸಾವಿರದ ಮೇಲೆ. ಉಳಿತಾಯ ವಿಧಾನಸೌಧದ ಖಜಾನೆಗೆ, ಕಂತು ನಂದಗಡದ ರೈತನಿಗೆ! ಎತ್ತು ನಮ್ಮದು, ಮೇವು ನಮ್ಮದು, ಉಳುವುದು ಮಾತ್ರ ಗೌಡರ ಹೊಲ.

ಮುಂದಿನ ಸಾಲಿನಿಂದ ಒಬ್ಬರು ಕಾಕಾ ಕೇಳುತ್ತಿದ್ದಾರೆ: "ನಾಳೆ ಸರ್ಕಾರ ಬದಲಾಗಿ ಗೃಹಜ್ಯೋತಿ ನಿಂತ್ರ?" ಸರಿಯಾದ ಮಾತು ಕಾಕಾ. ನಿಂತರೆ ತೊಂಬತ್ತು ಯೂನಿಟ್ಟಿಗೆ ತೆರಿಗೆ ಗಿರಿಗೆ ಎಲ್ಲಾ ಸೇರಿ ತಿಂಗಳಿಗೆ ಆರು ನೂರು, ಅದರ ಮೇಲೆ ನಿಗದಿತ ಶುಲ್ಕ. ಆಗ ಆ 20,000 ಮೂರು ವರ್ಷದಲ್ಲಿ ತೀರುತ್ತದೆ. ಕೈಯಲ್ಲಿ ಇಪ್ಪತ್ತು ಸಾವಿರ ಖಾಲಿ ಕೂತಿದ್ದರೆ, ಮನೆಯಲ್ಲಿ ಮದುವೆ ಇಲ್ಲ, ಬೋರು ಕೊರೆಸುವುದಿಲ್ಲ, ಸೊಸೈಟಿಯ ಬಾಕಿ ಇಲ್ಲ ಅಂದರೆ ಹಾಕಿಸಿ, ತಪ್ಪಲ್ಲ. ಸಾಲ ಮಾಡಿ ಮಾತ್ರ ಬೇಡ. ಬರಲಿರುವ ಬಿಲ್ಲಿಗೆ ಹೆದರಿ ಇವತ್ತೇ ಬಡ್ಡಿ ಕಟ್ಟುವುದು ಯಾವ ನ್ಯಾಯ?

ಇನ್ನೊಂದು ಸಂಗತಿ ಆ ಬಣ್ಣದ ಕಾಗದದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ನಮ್ಮ ಮಂದಿಗೆ ಸೋಲಾರ್ ಅಂದರೆ "ಕರೆಂಟ್ ಹೋದಾಗ ದೀಪ" ಎಂದು ತಿಳುವಳಿಕೆ. ಆದರೆ ನೆಟ್ ಮೀಟರಿನ ಸೋಲಾರಿಗೆ ಬ್ಯಾಟರಿ ಇರುವುದಿಲ್ಲ. ಹೆಸ್ಕಾಂ ತಂತಿಯಲ್ಲಿ ಕರೆಂಟು ಹೋದ ಕ್ಷಣವೇ ಅದರ ಇನ್ವರ್ಟರ್ ತಾನಾಗಿ ನಿಂತುಬಿಡುತ್ತದೆ, ಮೇಲೆ ರಣರಣ ಬಿಸಿಲು ಹೊಡೆಯುತ್ತಿದ್ದರೂ ಮನೆಯೊಳಗೆ ಫ್ಯಾನು ತಿರುಗುವುದಿಲ್ಲ. ಅದು ದೋಷವಲ್ಲ, ಹಾಗೆಯೇ ಮಾಡಿಟ್ಟಿದ್ದಾರೆ. ಯಾಕೆಂದರೆ ಕರೆಂಟು ತೆಗೆದು ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮ ಮನೆಯ ಕರೆಂಟು ಹಿಂದಿನಿಂದ ಬಂದು ಹೊಡೆದರೆ ಅವನ ಹೆಂಡತಿ ಮಕ್ಕಳ ಗತಿ ಏನು? ನಿಯಮ ಸರಿಯಾಗಿಯೇ ಇದೆ. ಮಾರುವವನು ಅದನ್ನು ಹೇಳದೆ ಮಾರುವುದು ತಪ್ಪು. ಬ್ಯಾಟರಿ ಕೂಡಿಸಿದ ಬೇರೆ ಜಾತಿಯೂ ಇದೆ, ಆದರೆ ಬ್ಯಾಟರಿಯ ಬೆಲೆ ಬೇರೆ, ಅದಕ್ಕೆ ಈ ಯೋಜನೆಯಲ್ಲಿ ಬೇರೆ ಸಹಾಯಧನವಿಲ್ಲ.

ಖಾನಾಪುರದವರಿಗೆ ಇದು ದೊಡ್ಡ ವಿಷಯ. ನಮ್ಮ ಕಷ್ಟ ಬಿಲ್ಲಿನದಲ್ಲ, ಕತ್ತಲೆಯದು. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಗುಂಜಿ, ಲೋಂಡಾ, ಈ ಪಟ್ಟಿಯಲ್ಲಿ ಮಳೆ ಹಿಡಿಯಿತು ಎಂದರೆ ಬಿಡುವುದಿಲ್ಲ. ಮರ ಬಿದ್ದು ತಂತಿ ಹರಿಯುತ್ತದೆ, ಕಂಬ ಮಲಗುತ್ತದೆ. ಭೀಮಗಡ ಅಭಯಾರಣ್ಯ ಎಂದು 2011ರಲ್ಲಿ ಘೋಷಣೆಯಾದ ಕಾಡಿನೊಳಗಿನ ಗವಾಳಿ, ಕೊಂಗಳಾ, ಪಾಸ್ತೋಲಿ, ಅಮಗಾಂವದಂಥ ಊರುಗಳ ಪಾಡು ಕೇಳಲೇಬೇಡಿ. ಹಳ್ಳ ತುಂಬಿದರೆ ದಾರಿಯೇ ಇಲ್ಲ, ಲೈನ್‌ಮನ್ ಎಲ್ಲಿಂದ ಬರಬೇಕು? ಆ ದಿನಗಳಲ್ಲಿ ಮಾಳಿಗೆಯ ಮೇಲೆ ಮೂರು ಕಿಲೋವ್ಯಾಟ್ ನೆಟ್ ಮೀಟರ್ ಇದ್ದರೂ ಅದು ಸತ್ತ ಹಾವು. ಪೂರ್ವ ಭಾಗದ ಇಟಗಿ, ಪಾರಿಶ್ವಾಡ, ಬೀಡಿ ಕಡೆ ಬಿಸಿಲು ಚೆನ್ನಾಗಿದೆ, ಅಲ್ಲಿಯವರು ಬೇರೆ ಲೆಕ್ಕ ಹಾಕಬಹುದು. ಒಂದೇ ತಾಲೂಕು ಅಂತ ಒಂದೇ ಅಂಗಿ ಎಲ್ಲರಿಗೂ ಹೊಲಿಯಲು ಬರುವುದಿಲ್ಲ.

ಅದರ ಜೊತೆಗೆ ಮನೆಗಳು. ನಮ್ಮ ಖಾನಾಪುರದ ಮಣ್ಣು ಕುಂಬಾರಿಕೆಗೆ, ಹಂಚಿಗೆ ಹೆಸರುವಾಸಿ. ಆದ್ದರಿಂದ ಮನೆಗಳೂ ಹಂಚಿನವೇ. ಹಳೆಯ ಜಂತಿಯ ಮೇಲೆ, ಹಂಚಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸುವುದು ಸುಲಭವಲ್ಲ. ಒಂದು ಹಂಚು ಸರಿದರೆ ಮಳೆಗಾಲವಿಡೀ ಸೋರಿಕೆ. ಮಂಗಗಳ ಕಾಟ ಬೇರೆ. ಅಂಗಳದಲ್ಲಿ ಕಂಬ ನಿಲ್ಲಿಸಿ ಪ್ಲೇಟು ಕೂರಿಸಬೇಕೆಂದರೆ ಖರ್ಚು ಏರುತ್ತದೆ, ತೆಂಗು ಹಲಸಿನ ನೆರಳು ಬೀಳುತ್ತದೆ. ಪ್ಲೇಟಿನ ಒಂದು ಮೂಲೆಗೆ ನೆರಳು ಬಿದ್ದರೂ ಹುಟ್ಟುವ ಕರೆಂಟು ಇಳಿಯುತ್ತದೆ. ಸ್ಲ್ಯಾಬು ಇದ್ದವನಿಗೆ 78,000, ಹಂಚು ಇದ್ದವನಿಗೆ ಚೌಕಟ್ಟಿನ ಖರ್ಚು ಹೆಚ್ಚು.

ಈ ಸೀಮೆಗೆ ಸೋಲಾರ್ ಹೊಸದೇನೂ ಅಲ್ಲ ನೋಡ್ರಿ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆಯೇ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಸೋಲಾರ್ ದೀಪ ಬಂದಿತ್ತು. ಒಂದು ಸಣ್ಣ ಪ್ಲೇಟು, ಒಂದು ಬ್ಯಾಟರಿ, ಎರಡು ಅಥವಾ ನಾಲ್ಕು ದೀಪ. ಹರೀಶ್ ಹಂದೆಯವರ ಸೆಲ್ಕೋ ಸಂಸ್ಥೆ 1995ರಲ್ಲಿ ಶುರುವಾಗಿ ಈ ಕೆಲಸ ಮಾಡಿತು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯೂ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮತ್ತು ಅವುಗಳ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಬಡ್ಡಿಯ ಒಂದು ಪಾಲನ್ನು ತಾವು ಹೊತ್ತು ಸಾಲ ಕೊಡಿಸಿದರು. ಸುಮಾರು ಇಪ್ಪತ್ತು ಸಾವಿರ ಮನೆಗಳಿಗೆ ದೀಪ ಹೋಯಿತು, ಹೆಚ್ಚಿನವು ನಮ್ಮ ರಾಜ್ಯದ್ದೇ.

ಆ ಸಾಲದಲ್ಲಿ ಒಂದು ಗುಣವಿತ್ತು. ಮನೆಯವರು ಚಿಮಣಿ ಎಣ್ಣೆಗೆ, ಮೇಣಬತ್ತಿಗೆ, ಟಾರ್ಚಿನ ಸೆಲ್ಲಿಗೆ ಎಷ್ಟು ಖರ್ಚು ಮಾಡುತ್ತಿದ್ದರೋ ಅದನ್ನು ನೋಡಿ, ಅವರಿಗೆ ದುಡ್ಡು ಬರುವ ಕಾಲ ನೋಡಿ ಕಂತು ಕಟ್ಟಿಸಿಕೊಳ್ಳುವ ಪದ್ಧತಿ ಬೆಳೆಯಿತು. ಮೊದಲು ಮನೆಯ ಖರ್ಚು, ಆಮೇಲೆ ಯಂತ್ರ. ಈಗ ತಿರುವುಮುರುವು: ಮೊದಲು ಯಂತ್ರ, ಆಮೇಲೆ ಇದಕ್ಕೆ ತಕ್ಕ ಖರ್ಚು ನಿಮ್ಮ ಮನೆಯಲ್ಲಿ ಇದೆಯೋ ಇಲ್ಲವೋ ಹುಡುಕಿಕೊಳ್ಳಿ.

ಮಳೆ ಸೀಮೆಯವರಿಗೆ ನಾನು ಹೇಳುವುದು ಈ ಸಣ್ಣ ದೀಪವನ್ನೇ. ಈಗ ಎಲ್‌ಇಡಿ ಬಂದ ಮೇಲೆ ಐದು ವ್ಯಾಟಿನಲ್ಲಿ ಅಡುಗೆ ಮನೆ ತುಂಬ ಬೆಳಕು. ಪರೀಕ್ಷೆಗೆ ಓದುವ ಮಗುವಿಗೆ, ರಾತ್ರಿ ದನದ ಕೊಟ್ಟಿಗೆಗೆ, ಮೊಬೈಲಿಗೆ, ಅಷ್ಟು ಸಾಕು. ಒಂದು ಎಚ್ಚರ ಮಾತ್ರ. ಹಳೆಯ ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಎಷ್ಟು ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷಕ್ಕೆ ಬದಲಿಸಬೇಕು. ಪ್ಲೇಟು ಗಟ್ಟಿಯಾಗಿದ್ದರೂ ಬ್ಯಾಟರಿ ಸತ್ತು ಮೂಲೆ ಸೇರಿದ ದೀಪಗಳನ್ನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ. ಕೊಳ್ಳುವ ದಿನವೇ ಕೇಳಿ: ಬ್ಯಾಟರಿ ಎಷ್ಟು ವರ್ಷ, ಬದಲಿಸಲು ಎಷ್ಟು, ಖಾನಾಪುರದಲ್ಲಿ ರಿಪೇರಿ ಮಾಡುವವನು ಯಾರು? ಬೆಳಗಾವಿಯಿಂದ ಬರುತ್ತೇನೆ ಅನ್ನುವವನು ಮಳೆಗಾಲದಲ್ಲಿ ಬರುವುದಿಲ್ಲ.

ಈಗ ಸಾಲದ ಮಾತಿಗೆ ಬರುತ್ತೇನೆ. ನಮ್ಮ ಪತ್ರಿಕೆ ಇಷ್ಟು ವರ್ಷ ಬರೆಯುತ್ತಾ ಬಂದಿರುವುದು ಇದನ್ನೇ.

ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ವರೆಗೆ ಅಡಮಾನವಿಲ್ಲದ ಬ್ಯಾಂಕ್ ಸಾಲ ಇದೆ, 2024ರಲ್ಲಿ ಯೋಜನೆ ಬಂದಾಗ ಬಡ್ಡಿ ಶೇಕಡಾ 7ರ ಹತ್ತಿರ. 67,000ಕ್ಕೆ ಹತ್ತು ವರ್ಷದ ಅವಧಿ ಹಿಡಿದರೆ ತಿಂಗಳಿಗೆ 780 ರೂಪಾಯಿ ಕಂತು. ಎರಡು ಸಾವಿರ ಉಳಿಯುವ ಬೆಳಗಾವಿ ಮನೆಗೆ ಇದು ಹೂವು ಎತ್ತಿದಷ್ಟು ಹಗುರ. ಆದರೆ ಸಹಾಯಧನ ಮೊದಲು ಬರುವುದಿಲ್ಲ. ಪ್ಲೇಟು ಕೂರಿಸಿ, ಮೀಟರ್ ಹಾಕಿ, ತಪಾಸಣೆ ಮುಗಿದ ಮೇಲೆ ಗ್ರಾಹಕನ ಖಾತೆಗೆ ಜಮಾ ಆಗುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ಹೊಂದಿಸುವವರು ಯಾರು?

ರೈತ ಬ್ಯಾಂಕಿಗೆ ಹೋದರೆ ಮೊದಲು ಸಿಬಿಲ್ ತೆಗೆಯುತ್ತಾರೆ. ಎರಡು ವರ್ಷದ ಹಿಂದೆ ಮಳೆ ಕೈಕೊಟ್ಟು ಬೆಳೆಸಾಲ ಬಾಕಿ ಉಳಿದಿದ್ದರೆ ಅದು ಅಲ್ಲಿ ಕಪ್ಪು ಮಸಿಯಂತೆ ಕಾಣುತ್ತದೆ. ಬೆಲೆ ಕೊಡದೆ ಸಾಲಗಾರನನ್ನಾಗಿ ಮಾಡಿದವರೇ ಸಾಲಗಾರ ಎಂದು ಬಾಗಿಲು ಹಾಕುತ್ತಾರೆ. ಆಗ ಖಾಸಗಿ ಫೈನಾನ್ಸಿನವನು ನಗುತ್ತಾ ಮನೆಗೆ ಬರುತ್ತಾನೆ. ಅದೇ 67,000, ಶೇಕಡಾ 24ರ ಬಡ್ಡಿ, ಮೂರು ವರ್ಷ ಎಂದು ಹಾಕಿ ನೋಡಿ: ತಿಂಗಳಿಗೆ 2,600ರ ಮೇಲೆ ಕಂತು. ಎರಡು ಸಾವಿರ ಉಳಿಸಲು ಎರಡು ಸಾವಿರದ ಆರು ನೂರು! ಬಡ್ಡಿ ಬದಲಾದರೆ ಅದೇ ಪ್ಲೇಟು, ಅದೇ ಬಿಸಿಲು, ಅದೇ ಮನೆ ಲಾಭದಿಂದ ನಷ್ಟಕ್ಕೆ ಬೀಳುತ್ತದೆ. ಕಿರುಸಾಲದ ವಸೂಲಿಯವರ ಕಾಟಕ್ಕೆ ಈ ಜಿಲ್ಲೆಯಲ್ಲಿ ಬಾಣಂತಿಯರು ಸಹ ಬಾಗಿಲ ಹೊರಗೆ ನಿಲ್ಲಬೇಕಾಗಿ ಬಂದದ್ದನ್ನು, ಅದರ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದನ್ನು ಮರೆಯಬೇಡಿ. ಕಿರುಸಾಲದ ಸಂಘದಲ್ಲಿ ಎತ್ತಿ ಸೋಲಾರ್ ಹಾಕಿಸುವ ಮಾತು ಯಾರಾದರೂ ತೆಗೆದರೆ, ಅಕ್ಕಾರ, ನೀವೇ ಅಲ್ಲೇ ತಡೆಯಿರಿ.

ಇನ್ನು ಕಂತಿನ ಕಾಲ. ಬ್ಯಾಂಕಿನವರಿಗೆ ತಿಂಗಳು ತಿಂಗಳು ಬೇಕು. ನಮಗೆ ಭತ್ತದ ದುಡ್ಡು ವರ್ಷಕ್ಕೊಮ್ಮೆ, ಗೇರುಬೀಜದ್ದು ವರ್ಷಕ್ಕೊಮ್ಮೆ. ಕಬ್ಬಿನದು ಕಾರ್ಖಾನೆಯವರ ಮನಸ್ಸು ಬಂದಾಗ. 1966ರ ಕಬ್ಬು ನಿಯಂತ್ರಣ ಆದೇಶ ಹದಿನಾಲ್ಕು ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ಶೇಕಡಾ 15 ಬಡ್ಡಿ ಕೊಡಬೇಕು ಎನ್ನುತ್ತದೆ. ಆ ಬಡ್ಡಿ ಕೈಯಲ್ಲಿ ಎಣಿಸಿಕೊಂಡವರು ಇಲ್ಲಿ ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ. ನೋಡಿದಿರಾ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಇದೇ ಜಿಲ್ಲೆಯ ರೈತರು ಹಗಲು ರಾತ್ರಿ ಕೂತು ಟನ್ನಿಗೆ 3,500 ಕೇಳಿದರು, ಕೊನೆಗೆ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಕಬ್ಬಿನ ಒಂದು ರೂಪಾಯಿ ಏರಿಸಲು ರಸ್ತೆಯಲ್ಲಿ ಮಲಗಬೇಕಾದವನು ಸೋಲಾರಿನ ಕಂತನ್ನು ಐದನೇ ತಾರೀಕಿಗೆ ತಪ್ಪದೆ ಕಟ್ಟುತ್ತಾನೆ ಎಂದು ಯಾವ ಲೆಕ್ಕದಲ್ಲಿ ಹಿಡಿದಿದ್ದಾರೆ? ವರ್ಷಕ್ಕೊಂದು ಕಂತು, ಸುಗ್ಗಿಯ ನಂತರ: ಇದು ನಮ್ಮ ಮೊದಲನೇ ಬೇಡಿಕೆ ಆಗಬೇಕು.

ಬೆಲೆ ಎಂದ ಮೇಲೆ ಬಿಸಿಲಿನ ಬೆಲೆಯ ಕತೆಯನ್ನೂ ಹೇಳಿಬಿಡುತ್ತೇನೆ. 2013ರ ಅಕ್ಟೋಬರಿನಲ್ಲಿ ಇದೇ ನಿಯಂತ್ರಣ ಆಯೋಗ ಮಾಳಿಗೆಯ ಸೋಲಾರ್ ಕರೆಂಟಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ ಎಂದು ಬೆಲೆ ಕಟ್ಟಿತು. ಒಪ್ಪಂದ ಇಪ್ಪತ್ತೈದು ವರ್ಷಕ್ಕೆ. ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಸೂರ್ಯರೈತ ಎಂದು ಮುನ್ನೂರು ಚಿಲ್ಲರೆ ರೈತರ ಪಂಪುಗಳಿಗೂ ಇದೇ ಬಗೆಯಲ್ಲಿ ಸೋಲಾರ್ ಹಾಕಿ ಉಳಿದ ಕರೆಂಟು ಕೊಳ್ಳುವ ಏರ್ಪಾಡು ಆಯಿತು. ಆಗ ಪ್ಲೇಟಿನ ಬೆಲೆ ಹೆಚ್ಚಿತ್ತು, ದರವೂ ಹೆಚ್ಚು ಕೊಟ್ಟರು. ನ್ಯಾಯವೇ. ಉತ್ಪಾದನಾ ವೆಚ್ಚ ನೋಡಿ, ಅದರ ಮೇಲೆ ಲಾಭ ಇಟ್ಟು ಬೆಲೆ ಕಟ್ಟಿದರು. ಆಮೇಲೆ ಪ್ಲೇಟು ಅಗ್ಗವಾಯಿತು, ಹೊಸಬರಿಗೆ ದರ ಇಳಿಸಿದರು. ಹಳೆಯ ಒಪ್ಪಂದದವರಿಗೆ ಇಪ್ಪತ್ತೈದು ವರ್ಷದ ಖಾತರಿ. ನಾನು ಕೇಳುವುದಿಷ್ಟೇ: ಬಿಸಿಲಿಗೆ ವೆಚ್ಚ ನೋಡಿ ಬೆಲೆ ಕಟ್ಟಲು ಬರುವ ಸರ್ಕಾರಕ್ಕೆ ಅದೇ ಬಿಸಿಲಿನಲ್ಲಿ ಬೆಳೆದ ಉಳ್ಳಾಗಡ್ಡಿಗೆ ಕಟ್ಟಲು ಯಾಕೆ ಬರುವುದಿಲ್ಲ? ಉಳ್ಳಾಗಡ್ಡಿಗೆ ಇಪ್ಪತ್ತೈದು ದಿನದ ಖಾತರಿಯೂ ಇಲ್ಲ.

ನಮ್ಮ ಎರಡನೇ ಬೇಡಿಕೆ ಗೃಹಜ್ಯೋತಿಯ ಮನೆಗಳದು. ಲೆಕ್ಕ ಆಗಲೇ ಹೇಳಿದ್ದೇನೆ. ಒಂದು ಕಿಲೋವ್ಯಾಟಿನಲ್ಲಿ ಮನೆಯ ಪಾಲು 20,000. ಹಾಕಿಸಿದರೆ ರಾಜ್ಯ ಸರ್ಕಾರಕ್ಕೆ ವರ್ಷಕ್ಕೆ ಆರು ಸಾವಿರದ ಮೇಲೆ ಉಳಿತಾಯ. ಹಾಗಾದರೆ ಆ 20,000 ಸರ್ಕಾರವೇ ಹಾಕಲಿ, ಮೂರು ಚಿಲ್ಲರೆ ವರ್ಷದಲ್ಲಿ ಅದರ ದುಡ್ಡು ಅದಕ್ಕೆ ಮರಳುತ್ತದೆ. ಇಲ್ಲವೇ ಕೇಂದ್ರ ಯೋಜನೆಯ ನಿಯಮದಲ್ಲಿಯೇ ಇರುವ ದಾರಿ ಹಿಡಿಯಲಿ: ವಿದ್ಯುತ್ ಕಂಪನಿಯೋ ಬೇರೆ ಹೂಡಿಕೆದಾರನೋ ತನ್ನ ದುಡ್ಡಿನಲ್ಲಿ ನಮ್ಮ ಮಾಳಿಗೆಯ ಮೇಲೆ ಪ್ಲೇಟು ಹಾಕಲಿ. ಆಗ ನಮ್ಮ ಮಾಳಿಗೆಗೆ ಬಾಡಿಗೆ ಕೊಡಬೇಕು. ಗಾಳಿ ಯಂತ್ರದವನು ಹೊಲಕ್ಕೆ ದುಡ್ಡು ಕೊಡುತ್ತಾನೆ, ಮೊಬೈಲ್ ಟವರಿನವನು ಕೊಡುತ್ತಾನೆ. ಹೆಸ್ಕಾಂ ಯಾಕೆ ಕೊಡಬಾರದು? ಆಯೋಗದವರು ದರ ಏರಿಸುವ ಮುನ್ನ ಸಾರ್ವಜನಿಕ ವಿಚಾರಣೆ ಮಾಡುತ್ತಾರೆ, ಯಾವ ಗ್ರಾಹಕನೂ ತಕರಾರು ಬರೆದುಕೊಡಬಹುದು. ಅಲ್ಲಿಗೆ ಕಾರ್ಖಾನೆಯವರ ವಕೀಲರು ತಪ್ಪದೆ ಹೋಗುತ್ತಾರೆ. ಈ ಸಲ ಖಾನಾಪುರದಿಂದ ನಾವೂ ಹೋಗಬೇಕು, ಹಂಚಿನ ಮನೆಯ ಲೆಕ್ಕ ಹಿಡಿದುಕೊಂಡು.

ಹೊಲದ ಪಂಪ್‌ಸೆಟ್ಟಿನ ವಿಷಯ ಬಿಟ್ಟಿದ್ದೇನೆ. ಹತ್ತು ಎಚ್‌ಪಿವರೆಗೆ ಕರೆಂಟು ಪುಕ್ಕಟೆ, ಆದರೆ ಬರುವ ಹೊತ್ತು ಹಾವು ಚೇಳಿನ ಹೊತ್ತು. ಅದಕ್ಕೆ ಬೇರೆ ಸಭೆಯೇ ಬೇಕು.

ಕೊನೆಗೆ ಪಟ್ಟಣದಲ್ಲಿರುವ ನಮ್ಮ ಮಕ್ಕಳಿಗೆ ಎರಡು ಮಾತು. ಬೆಳಗಾವಿಯಲ್ಲಿ ಎಷ್ಟೋ ಮನೆಗಳು 200ರ ಗೆರೆಯ ಆಚೀಚೆ ತೂಗಾಡುತ್ತಿವೆ. 210 ಯೂನಿಟ್ ಸುಟ್ಟ ತಿಂಗಳು ಪೂರ್ತಿ ಬಿಲ್ಲು, ಎರಡು ಕಿಲೋವ್ಯಾಟ್ ಲೋಡಿನ ಮನೆಗೆ 1,700ರ ಹತ್ತಿರ. ಹತ್ತು ಯೂನಿಟ್ಟಿಗೆ ಇಷ್ಟು ದಂಡ! ಇವರು ಪ್ಲೇಟಿಗೆ ಓಡುವ ಮೊದಲು ಮನೆಯೊಳಗೆ ಕಣ್ಣು ಹಾಯಿಸಲಿ. ಹಳೆಯ ಫ್ಯಾನು 75 ವ್ಯಾಟ್, ಈಗಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್. ಮೂರು ಫ್ಯಾನು ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ ನಲವತ್ತು ಯೂನಿಟ್ ವ್ಯತ್ಯಾಸ. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ತಾಸು ಉರಿದರೆ ಅರವತ್ತು ಯೂನಿಟ್. ಬಿಸಿನೀರಿನ ಸೋಲಾರ್ ಒಂದು ಹಾಕಿಸಿದರೆ ಮಳೆಗಾಲ ಬಿಟ್ಟು ಉಳಿದ ತಿಂಗಳು ಆ ಅರವತ್ತು ಪೂರ್ತಿ ಉಳಿಯುತ್ತದೆ. ಅದರ ಬೆಲೆ ಮೂರು ಕಿಲೋವ್ಯಾಟ್ ಪ್ಲೇಟಿನ ಮುಂದೆ ಬಹಳ ಸಣ್ಣದು. ಇಷ್ಟು ಮಾಡಿದರೆ ಗೆರೆಯ ಈಚೆಗೆ ಬರುತ್ತೀರಿ, ಕಂತೂ ಇಲ್ಲ ಬಡ್ಡಿಯೂ ಇಲ್ಲ.

ಅದಾದ ಮೇಲೂ ಪ್ಲೇಟು ಬೇಕು ಅನ್ನುವವರು ಸಹಿ ಹಾಕುವ ಮುನ್ನ ಹನ್ನೆರಡು ತಿಂಗಳ ಬಿಲ್ಲು ತೆಗೆದು ಯೂನಿಟ್ ಕೂಡಿಸಿ. ಮಂಜೂರಾದ ಲೋಡು ಎಷ್ಟಿದೆ ನೋಡಿ. ಮಾರುವವನು ಯೋಜನೆಯ ಪಟ್ಟಿಯಲ್ಲಿದ್ದಾನೆಯೇ, ಪ್ಲೇಟು ದೇಶದಲ್ಲಿ ತಯಾರಾದದ್ದೇ ಎಂದು ಕೇಳಿ. ಹೊರದೇಶದ್ದಾದರೆ ಸಹಾಯಧನ ಸಿಗುವುದಿಲ್ಲ. ಐದು ವರ್ಷದ ನಿರ್ವಹಣೆ ಅವನದೇ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಹಳೆಯ ದರದ ಕೊಟೇಶನ್ ಹಿಡಿದು ಬಂದವನನ್ನು ವಾಪಸ್ ಕಳಿಸಿ. ಪ್ಲೇಟು ಹಾಕಿದ ಮೇಲೆ ನಿಮ್ಮ ಗೃಹಜ್ಯೋತಿಯ ಲೆಕ್ಕ ಹೇಗೆ ಆಗುತ್ತದೆ ಎಂದು ಹೆಸ್ಕಾಂ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಬರಹದ ಉತ್ತರ ತೆಗೆದುಕೊಳ್ಳಿ. ಬಾಯಿಮಾತಿನ ಉತ್ತರ ಆ ಸಾಹೇಬರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ.

ಬಿಲ್ಲು ತಂದವರು ಊಟದ ನಂತರ ಆ ಬೇವಿನ ಮರದ ಕೆಳಗೆ ಬರ್ರಿ. ಹತ್ತನೇ ಇಯತ್ತೆ ಓದುವ ಹುಡುಗರು ನಾಲ್ಕು ಮಂದಿ ಪಾಟಿ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಒಂದೊಂದೇ ಮನೆಯ ಲೆಕ್ಕ ಹಾಕೋಣ. ಇಟಗಿಯವರು ಮೊದಲು ಬರಲಿ, ಅವರ ಬಸ್ಸು ನಾಲ್ಕಕ್ಕೆ ಹೊರಡುತ್ತದೆ.